ಪೆಟ್ರೋಲಿನ ಹೆಸರೂ ಗುಣವೂ

ಹಿಂದೆ ನಮ್ಮ ಸೀಮೆಯ ಮನೆಗಳಲ್ಲಿ ಯಾವ ಅಂಗಡಿಯ ತುಪ್ಪ ಒಳ್ಳೆಯದು, ಯಾವ ಗಾಣದ ಎಣ್ಣೆ ಶುದ್ಧವಾದುದು ಎಂಬ ವಿಷಯದಲ್ಲಿ ದೊಡ್ಡ ವಾದಗಳು ನಡೆಯುತ್ತಿದ್ದುವು. ಕಾಲಕ್ರಮದಲ್ಲಿ ಗಾಣಗಳು ವಿರಳವಾದುವು. ತುಪ್ಪವು ಡಬ್ಬಿಗಳಲ್ಲಿ ಬರತೊಡಗಿತು. ವಾದ ಮಾತ್ರ ಹೋಗಲಿಲ್ಲ. ಈಗ ಅದಕ್ಕೆ ವಿಷಯವಾಗಿರುವುದು ಪೆಟ್ರೋಲು. ಮನೆಗೊಂದು ಸ್ಕೂಟರೋ ಕಾರೋ ಇರುವ ಈ ಕಾಲದಲ್ಲಿ, ಒಬ್ಬರು ಒಂದು ಕಂಪನಿಯ ಎಣ್ಣೆಯಲ್ಲದೆ ಮತ್ತೊಂದನ್ನು ಮುಟ್ಟುವುದಿಲ್ಲ; ಇನ್ನೊಬ್ಬರು ಅದೇ ಎಣ್ಣೆಯಿಂದ ತಮ್ಮ ಗಾಡಿ ಕೆಟ್ಟಿತೆಂದು ಪ್ರಮಾಣ ಮಾಡುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಪಾಠ ಹೇಳಿ ಈಗ ವಿಶ್ರಾಂತನಾಗಿರುವ ನನಗೆ ಯಂತ್ರವಿದ್ಯೆಯಲ್ಲಿ ಪಾಂಡಿತ್ಯವೇನೂ ಇಲ್ಲ. ಆದರೆ ಒಂದು ಸಂಸಾರದ ಹಿತಕ್ಕಾಗಿ ಈ ವಿಷಯವನ್ನು ವಿಚಾರಿಸಬೇಕಾಯಿತು. ವಿಚಾರಿಸಿ ತಿಳಿದುದನ್ನು ಗೃಹಸ್ಥರ ಮುಂದಿಡುತ್ತೇನೆ.

ಮುಳಬಾಗಿಲಿನಲ್ಲಿ ನನ್ನ ಬಳಿ ಓದಿದ ಶಿಷ್ಯನೊಬ್ಬನು ಸಣ್ಣದೊಂದು ಪೆಟ್ರೋಲು ವ್ಯಾನಿನಲ್ಲಿ ಜನರನ್ನು ಕರೆದೊಯ್ದು ಜೀವನ ಮಾಡುತ್ತಾನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಓದಿನಲ್ಲಿ ಚುರುಕು. ಯಾರೋ ಹೇಳಿದರೆಂದು ಅವನು ಸಾಮಾನ್ಯ ಪೆಟ್ರೋಲನ್ನು ಬಿಟ್ಟು, ಹೆಚ್ಚು ಬೆಲೆಯ ವಿಶೇಷ ಪೆಟ್ರೋಲನ್ನೇ ಹಾಕಿಸುತ್ತಿದ್ದನು. ದಿನಕ್ಕೆ ಐದು ಲೀಟರು, ಲೀಟರಿಗೆ ಎಂಟು ರೂಪಾಯಿ ಹೆಚ್ಚೆಂದು ಹಿಡಿದರೆ ದಿನಕ್ಕೆ ೪೦ ರೂಪಾಯಿ, ತಿಂಗಳಲ್ಲಿ ೨೫ ದಿನ ಓಡಿಸಿದರೆ ೧,೦೦೦ ರೂಪಾಯಿ, ವರ್ಷಕ್ಕೆ ೧೨,೦೦೦. “ಮೇಷ್ಟ್ರೇ, ಈ ದುಡ್ಡು ಗಾಡಿಯನ್ನು ಕಾಯುತ್ತಿದೆಯೋ, ಮಕ್ಕಳ ಶಾಲೆಯ ಫೀಜನ್ನು ತಿನ್ನುತ್ತಿದೆಯೋ, ಒಂದು ಮಾತು ಹೇಳಿ” ಎಂದು ಅವನು ಕೇಳಿದನು. ಗೊತ್ತಿಲ್ಲದೆ ಉತ್ತರ ಹೇಳತಕ್ಕ ಪ್ರಶ್ನೆಯಲ್ಲ ಇದು.

ಮೊದಲು ನೋಡತಕ್ಕದ್ದು ಈ ಎಣ್ಣೆ ಎಲ್ಲಿಂದ ಬರುತ್ತದೆಂಬುದನ್ನು. ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರೆಲ್ಲರೂ ದೇವನಗೊಂದಿಯ ನಿಲ್ದಾಣವನ್ನು ಬಲ್ಲರು. ಅಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಈ ಮೂರು ಕಂಪನಿಗಳ ಉಗ್ರಾಣಗಳೂ ಇವೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ೩೬೦ ಕಿಲೋಮೀಟರಿಗೂ ಉದ್ದವಾದ ಕೊಳವೆಯೊಂದು ನೆಲದೊಳಗೆ ಬಂದು ಅಲ್ಲಿ ಮುಗಿಯುತ್ತದೆ. ೨೦೦೩ರಿಂದ ಅದರಲ್ಲಿ ಎಣ್ಣೆ ಹರಿಯುತ್ತಿದೆ. ಚೆನ್ನೈಯ ಕಡೆಯಿಂದ ಇನ್ನೊಂದು ಕೊಳವೆಯೂ ಬಂದು ಸೇರುತ್ತದೆ. ಒಬ್ಬರ ಶೋಧನಾಗಾರದ ಸರಕನ್ನು ಮತ್ತೊಬ್ಬರು ಎತ್ತಿಕೊಂಡು ಮಾರುವುದು ಈ ಕಂಪನಿಗಳಲ್ಲಿ ಬಹುಕಾಲದ ರೂಢಿ. ಎಲ್ಲರೂ ಒಂದೇ ಸರ್ಕಾರಿ ಮಾನಕ್ಕೆ ಒಳಪಟ್ಟವರು. ೨೦೨೦ನೆಯ ಇಸವಿ ಏಪ್ರಿಲ್ ೧ರಿಂದ ದೇಶವೆಲ್ಲಕ್ಕೂ ಬಂದ ‘ಭಾರತ್ ಸ್ಟೇಜ್ ಆರು’ ಎಂಬ ಕ್ರಮದಲ್ಲಿ ಗಂಧಕವು ಹತ್ತು ಲಕ್ಷ ಪಾಲಿಗೆ ೧೦ ಪಾಲನ್ನು ಮೀರಕೂಡದು. ಅದಕ್ಕೆ ಹಿಂದಿನ ಕ್ರಮದಲ್ಲಿ ೫೦ರವರೆಗೆ ಅವಕಾಶವಿದ್ದಿತು. ಆದುದರಿಂದ ಮೂಲದ್ರವ್ಯದ ಮಟ್ಟಿಗೆ ಒಂದು ಬಂಕಿಗೂ ಎದುರಿನ ಬಂಕಿಗೂ ಇರುವ ಭೇದ ಹೆಚ್ಚಾಗಿ ಬಣ್ಣದ ಹಲಗೆಯ ಭೇದವೇ.

ಹೆಸರುಗಳಾದರೂ ಸ್ಥಿರವೇ? ನಮ್ಮ ಹಿರಿಯರು ಬರ್ಮಾ ಷೆಲ್, ಎಸ್ಸೊ, ಕಾಲ್ಟೆಕ್ಸ್ ಎಂಬ ಹಲಗೆಗಳನ್ನು ನೋಡಿದವರು. ೧೯೭೪ರಲ್ಲಿ ಎಸ್ಸೊ ಸರ್ಕಾರದ ವಶವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ೧೯೭೬ರಲ್ಲಿ ಬರ್ಮಾ ಷೆಲ್ಲನ್ನೂ ಸರ್ಕಾರ ಕೊಂಡಿತು, ಅದೇ ಮುಂದೆ ಭಾರತ್ ಪೆಟ್ರೋಲಿಯಂ ಎನಿಸಿತು. ಹಳೆಯ ಹೆಸರಿಗೆ ಅಂಟಿಕೊಂಡಿದ್ದವರು ಹೊಸ ಹೆಸರಿನ ಎಣ್ಣೆಯನ್ನು ಹಾಕಿಸಿದಾಗಲೂ ಗಾಡಿಗಳು ಓಡಿಯೇ ಓಡಿದುವು.

ಹಾಗಾದರೆ ಭೇದವೇ ಇಲ್ಲವೆ? ಇದೆ, ಅದು ಉಗ್ರಾಣದಿಂದ ಹೊರಡುವಾಗ ಸೇರಿಸುವ ಮಲಶೋಧಕ ದ್ರವ್ಯದಲ್ಲಿದೆ. ಪೆಟ್ರೋಲು ಏಕದ್ರವ್ಯವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಕೆಲವು ಗಾಳಿಯನ್ನೂ ಶಾಖವನ್ನೂ ಸಹಿಸದೆ ಅಂಟಾಗಿ ಬಿಡುತ್ತವೆ. ಹಪ್ಪಳ ಕರಿದ ಬಾಣಲೆಯ ಅಂಚಿನಲ್ಲಿ ಎಣ್ಣೆಯು ಕಂದುಬಣ್ಣದ ಜಿಗಟಾಗಿ ನಿಲ್ಲುವುದನ್ನು ಎಲ್ಲ ಗೃಹಿಣಿಯರೂ ನೋಡಿದ್ದಾರೆ. ಎಂಜಿನ್ನಿನಲ್ಲಿ ನಡೆಯುವುದೂ ಇದೇ. ಎಣ್ಣೆಯನ್ನು ಸಿಂಪಡಿಸುವ ಇಂಜೆಕ್ಟರಿನ ಮೂತಿ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರಗಳುಳ್ಳದ್ದು. ಗಾಡಿಯನ್ನು ನಿಲ್ಲಿಸಿದ ಮೇಲೆ ಎಂಜಿನ್ನಿನ ಶಾಖವು ಆ ಮೂತಿಗೆ ಏರಿ, ಅಲ್ಲಿ ಉಳಿದ ತೊಟ್ಟನ್ನು ಕಾಯಿಸಿ ಕಿಟ್ಟವಾಗಿ ಮಾಡುತ್ತದೆ. ಆದ ಕಾರಣ ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಪದೇಪದೇ ಓಡಿಸಿ ನಿಲ್ಲಿಸುವ ಗಾಡಿಗೆ ದೂರಪ್ರಯಾಣದ ಗಾಡಿಗಿಂತ ಈ ಉಪದ್ರವ ಹೆಚ್ಚು. ಒಳಬರುವ ದಾರಿಯ ಕವಾಟದ ಬೆನ್ನಿನ ಮೇಲೂ ಇಂತಹದೇ ಮಸಿ ಕೂರುತ್ತದೆ. ಆಗ ತುಂತುರು ಸರಿಯಾಗಿ ಹರಡದೆ, ಎಣ್ಣೆ ಪೂರ್ತಿಯಾಗಿ ಉರಿಯದೆ, ಓಟ ಒರಟಾಗುತ್ತದೆ. ಸ್ಕೂಟರುಗಳಿಗೂ ೨೦೨೦ರಿಂದ ಕಾರ್ಬುರೇಟರಿನ ಬದಲು ಇಂಜೆಕ್ಟರು ಬಂದಿರುವುದರಿಂದ, ನಮ್ಮ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ತಯಾರಾಗುವ ಹೋಂಡಾ ಗಾಡಿಗಳನ್ನು ಓಡಿಸುವ ಮನೆಗಳಿಗೂ ಈ ವಿಷಯ ಸಂಬಂಧಪಟ್ಟದ್ದೇ.

ಮಲಶೋಧಕದ ಕೆಲಸವನ್ನು ತಿಳಿಯಲು ಅಂಟುವಾಳದ ಕಾಯಿ ಸಾಕು. ಅದರ ನೊರೆಯ ಅಣುವಿಗೆ ನೀರನ್ನು ಮೆಚ್ಚುವ ತಲೆಯೂ ಜಿಡ್ಡನ್ನು ಮೆಚ್ಚುವ ಬಾಲವೂ ಉಂಟು. ಪೆಟ್ರೋಲಿನ ಶೋಧಕದಲ್ಲಿ ದಿಕ್ಕು ಮಾತ್ರ ತಿರುವುಮುರುವು: ಸಾರಜನಕವುಳ್ಳ ತಲೆಯು ಲೋಹಕ್ಕೂ ಕಿಟ್ಟಕ್ಕೂ ಅಂಟುತ್ತದೆ, ನೀಳವಾದ ಬಾಲವು ಪೆಟ್ರೋಲಿನಲ್ಲಿ ಕರಗಿ ಆ ಕೊಳೆಯನ್ನು ಎಳೆದುಕೊಂಡು ಹೋಗುತ್ತದೆ. ಪಾಲಿಈಥರ್ ಅಮೈನ್, ಪಾಲಿಐಸೊಬ್ಯೂಟಿನ್ ಅಮೈನ್ ಎಂಬವು ಈ ವರ್ಗದ ಪ್ರಸಿದ್ಧ ದ್ರವ್ಯಗಳು. ಪ್ರಮಾಣ ಅತ್ಯಲ್ಪ, ಹತ್ತು ಲಕ್ಷ ಪಾಲಿಗೆ ಕೆಲವು ನೂರು ಪಾಲು ಮಾತ್ರ. ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಅದು ಕೆಸರನ್ನು ತಳಕ್ಕಿಳಿಸಿ ತಾನೂ ಅದರೊಡನೆ ಇಳಿದುಬಿಡುತ್ತದೆಂದು ಸಂಸ್ಕೃತದಲ್ಲಿ ಕತಕದ ದೃಷ್ಟಾಂತವನ್ನು ಕೊಡುವುದುಂಟು. ಒಳ್ಳೆಯ ಮಲಶೋಧಕವೂ ಹೀಗೆಯೇ ಕೆಲಸ ಮುಗಿಸಿ ತಾನೂ ಉರಿದುಹೋಗಬೇಕು. ಕೆಲವು ದ್ರವ್ಯಗಳು ಕವಾಟವನ್ನು ತೊಳೆದು ದಹನಕೋಶದಲ್ಲಿ ತಾವೇ ಮಸಿಯಾಗಿ ಕೂರುವುದೂ ಉಂಟಾದುದರಿಂದ, ಯಾವುದನ್ನು ಎಷ್ಟು ಹಾಕಬೇಕೆಂಬುದು ಬಲ್ಲವರ ಕೆಲಸ. ಬಾಟಲಿಯಲ್ಲಿ ಬರುವ ದ್ರವವನ್ನು ನಾಲ್ಕು ಪಾಲು ಹೆಚ್ಚಾಗಿ ಸುರಿದರೆ ನಾಲ್ಕು ಪಾಲು ಗುಣವಾಗುವುದಿಲ್ಲ.

ಇದು ಬರಿಯ ಜಾಹೀರಾತಿನ ಮಾತಲ್ಲ. ಅಮೆರಿಕ ದೇಶದಲ್ಲಿ ೧೯೯೫ರಿಂದ ಪೆಟ್ರೋಲಿಗೆಲ್ಲ ಮಲಶೋಧಕವನ್ನು ಸೇರಿಸಲೇಬೇಕೆಂಬ ಕಾನೂನಿದೆ. ಆ ಕನಿಷ್ಠ ಪ್ರಮಾಣ ಸಾಲದೆಂದು ೨೦೦೪ರಲ್ಲಿ ಬಿ.ಎಂ.ಡಬ್ಲ್ಯು., ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟ ಈ ನಾಲ್ಕು ಕಂಪನಿಗಳು ಕೂಡಿ ‘ಟಾಪ್ ಟಿಯರ್’ ಎಂಬ ಮೇಲ್ಮಟ್ಟದ ಮುದ್ರೆಯೊಂದನ್ನು ಏರ್ಪಡಿಸಿದುವು. ೨೦೧೬ರಲ್ಲಿ ಅಲ್ಲಿನ ಮೋಟಾರು ಸವಾರರ ಸಂಘವು ಎರಡು ಬಗೆಯ ಪೆಟ್ರೋಲನ್ನೂ ೪,೦೦೦ ಮೈಲಿಗಳ ಓಟಕ್ಕೆ ಸಮನಾಗಿ ಪರೀಕ್ಷಿಸಿದಾಗ, ಮುದ್ರೆಯಿಲ್ಲದ ಎಣ್ಣೆಯಿಂದ ಕೂತ ಮಸಿ ಸರಾಸರಿ ೧೯ ಪಾಲು ಹೆಚ್ಚಾಗಿದ್ದಿತು. ನಮ್ಮ ಬಂಕುಗಳಲ್ಲಿ ಅಂತಹ ಮುದ್ರೆಯನ್ನು ನಾನು ನೋಡಿಲ್ಲ. ಇಲ್ಲಿ ಮಲಶೋಧಕವು ಎಕ್ಸ್‌ಪಿ ೯೫, ಸ್ಪೀಡ್, ಪವರ್ ಮುಂತಾದ ವಿಶೇಷ ಹೆಸರುಗಳಲ್ಲಿ ಹೆಚ್ಚು ಬೆಲೆಗೆ ಬರುತ್ತದೆ. ಸಾಮಾನ್ಯ ಎಣ್ಣೆಯಲ್ಲಿಯೇ ಅದನ್ನು ಸೇರಿಸಿದ್ದೇವೆಂದು ಹೇಳುವ ಖಾಸಗಿ ಕಂಪನಿಗಳೂ ಉಂಟು.

ಇಲ್ಲಿ ಜನರಿಗೆ ದೊಡ್ಡದೊಂದು ಭ್ರಾಂತಿಯಿದೆ. ವಿಶೇಷ ಪೆಟ್ರೋಲಿನಲ್ಲಿ ಎರಡು ಗುಣಗಳು ಒಂದೇ ಹೆಸರಿನಡಿ ಬರುತ್ತವೆ: ಒಂದು ಮಲಶೋಧನೆ, ಇನ್ನೊಂದು ಹೆಚ್ಚಿನ ಆಕ್ಟೇನ್. ಆಕ್ಟೇನ್ ಸಂಖ್ಯೆಯು ಶುದ್ಧಿಗೆ ಕೊಟ್ಟ ಅಂಕವಲ್ಲ, ಶಕ್ತಿಗೆ ಕೊಟ್ಟ ಅಂಕವೂ ಅಲ್ಲ. ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಡೆದಿರುವ ಸಾಮರ್ಥ್ಯವನ್ನು ಅದು ಹೇಳುತ್ತದೆ. ಬಹಳ ಒತ್ತಡದ ಎಂಜಿನ್ನಿಗೆ ಅದು ಬೇಕು. ೯೧ಕ್ಕೆ ತಕ್ಕಂತೆ ಮಾಡಿದ ವ್ಯಾನಿಗೆ ೧೦೦ ಆಕ್ಟೇನಿನ ಎಣ್ಣೆ ಹಾಕುವುದು, ಮೂರನೆಯ ತರಗತಿಯ ಹುಡುಗನಿಗೆ ಪಾಣಿನಿಯ ವ್ಯಾಕರಣವನ್ನು ಕೊಡಿಸಿದಂತೆ. ಪುಸ್ತಕ ಉತ್ತಮವಾದುದೇ, ಉಪಯೋಗ ಮಾತ್ರ ಇಲ್ಲ.

ಸೇರಿಸಿದ್ದೆಲ್ಲ ಹಿತವೆಂದೂ ನಂಬತಕ್ಕದ್ದಲ್ಲ. ಆಕ್ಟೇನನ್ನು ಏರಿಸಲು ಸೀಸದ ಸಂಯುಕ್ತವೊಂದು ಸಾಕೆಂದು ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಹಿಡಿದನು. ಲೋಕವೆಲ್ಲ ಅದನ್ನು ವರವೆಂದು ಕೊಂಡಾಡಿತು. ಅದರ ಹೊಗೆ ಮಕ್ಕಳ ಬುದ್ಧಿಯನ್ನೇ ಕುಂದಿಸುವ ವಿಷವೆಂದು ತಿಳಿದು, ಅದನ್ನು ಬಿಡಲು ನಮ್ಮ ದೇಶಕ್ಕೆ ೨೦೦೦ದವರೆಗೂ ಲೋಕಕ್ಕೆ ೨೦೨೧ರವರೆಗೂ ಕಾಲ ಹಿಡಿಯಿತು. ಈಗ ಸೇರುತ್ತಿರುವುದು ಎಥನಾಲು. ೨೦೨೨ರಲ್ಲಿ ಶೇಕಡ ೧೦ ಆಗಿದ್ದುದು, ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ೨೦ರ ಮಿಶ್ರಣವಾಗಿ ಊರೂರಿಗೂ ಹರಡಿತು. ಸಮಾನ ಅಳತೆಯಲ್ಲಿ ಎಥನಾಲಿನ ಶಾಖ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲಿನಷ್ಟು ಕಡಿಮೆಯಾದುದರಿಂದ, ಈ ಮಿಶ್ರಣದಲ್ಲಿ ಶೇಕಡ ಆರೇಳರಷ್ಟು ಶಕ್ತಿ ಕಡಿಮೆ. ಮೈಲೇಜು ಕುಗ್ಗಿತೆಂದು ಒಂದು ಕಂಪನಿಯನ್ನು ಬೈದು ಇನ್ನೊಂದಕ್ಕೆ ಹೋಗುವವರು ಇದನ್ನು ನೆನೆಯಬೇಕು. ಮಿಶ್ರಣವು ಒಂದು ಹಲಗೆಗೆ ಮಾತ್ರ ಸೇರಿದ್ದಲ್ಲ.

ಶಿಷ್ಯನಿಗೆ ನಾನು ಮೊದಲು ಹೇಳಿದುದು ಅನ್ವಯವ್ಯತಿರೇಕದ ಕ್ರಮವನ್ನು. ಕಾರಣವಿದ್ದಾಗ ಕಾರ್ಯವಿರಬೇಕು, ಇಲ್ಲದಾಗ ಇರಬಾರದು. ಇಲ್ಲವಾದರೆ ಅದು ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಇರುವ ಸಂಬಂಧದಂತೆ. ಕೋಲಾರಕ್ಕೂ ಮುಳಬಾಗಿಲಿಗೂ ನಡುವೆ ಸುಮಾರು ೩೦ ಕಿಲೋಮೀಟರು. ಅವನು ಓಡಾಡುವ ದಾರಿಯೂ ಅದೇ. ಒಂದು ತಿಂಗಳು ವಿಶೇಷ ಎಣ್ಣೆ, ಒಂದು ತಿಂಗಳು ಸಾಮಾನ್ಯ, ಮತ್ತೆ ಒಂದು ತಿಂಗಳು ವಿಶೇಷ. ಪ್ರತಿಸಲವೂ ತೊಟ್ಟಿ ತುಂಬ ಹಾಕಿಸಿ ಲೀಟರನ್ನೂ ಓಟವನ್ನೂ ಪುಸ್ತಕದಲ್ಲಿ ಬರೆದಿಡುವುದು. ಚಕ್ರದ ಗಾಳಿಯನ್ನು ಸಮನಾಗಿಡುವುದು. ಲೆಕ್ಕವನ್ನು ನಾವಿಬ್ಬರೂ ಕೂತು ಮಾಡಿದೆವು. ಎಣ್ಣೆಯಿಂದ ಎಣ್ಣೆಗೆ ಕಂಡ ಅಂತರವು ವಾರದಿಂದ ವಾರಕ್ಕೆ ಕಂಡ ಅಂತರಕ್ಕಿಂತ ಹೆಚ್ಚಾಗಿರಲಿಲ್ಲ. ಮಸಿ ಕೂರುವುದೂ ಹೋಗುವುದೂ ಸಾವಿರಾರು ಕಿಲೋಮೀಟರುಗಳ ಮಾತು. ಅದರಿಂದ ನಾಳೆಯೇ ಮೈಲೇಜು ಏರುವುದಿಲ್ಲ.

ಆದರೆ ಹೆಸರಿನ ಭೇದಕ್ಕಿಂತಲೂ ಗುಣದ ಭೇದಕ್ಕಿಂತಲೂ ದೊಡ್ಡ ಭೇದವೊಂದಿದೆ. ಅದು ಮಾರುವವನ ಪ್ರಾಮಾಣಿಕತೆಯದು. ಪೆಟ್ರೋಲಿಗೆ ಅಗ್ಗದ ಸೀಮೆಎಣ್ಣೆಯನ್ನು ಬೆರೆಸಿದರೆ ಅದು ಸುಲಭವಾಗಿ ಆವಿಯಾಗದೆ, ಪೂರ್ತಿ ಉರಿಯದೆ ಮಸಿಯಾಗುತ್ತದೆ, ಆಕ್ಟೇನನ್ನೂ ಇಳಿಸುತ್ತದೆ. ಅದಕ್ಕೆ ಯಾವ ಶೋಧಕವೂ ಸಾಲದು. ಈ ಮಾತನ್ನು ನಮ್ಮ ಜಿಲ್ಲೆಯವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಷಣ್ಮುಗಂ ಮಂಜುನಾಥ್ ಎಂಬ ತರುಣನು ಮೈಸೂರಿನಲ್ಲಿ ಎಂಜಿನಿಯರಿಂಗನ್ನೂ ಲಖನೌದಲ್ಲಿ ವ್ಯವಹಾರಶಾಸ್ತ್ರವನ್ನೂ ಓದಿ ಇಂಡಿಯನ್ ಆಯಿಲಿನ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದನು. ಅಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿಸಿದನು. ಅದು ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದನು. ೨೦೦೫ನೆಯ ಇಸವಿ ನವೆಂಬರ್ ೧೯ರಂದು ಅವನನ್ನು ಗುಂಡಿಟ್ಟು ಕೊಂದರು. ಆಗ ಅವನ ವಯಸ್ಸು ೨೭. ಮುಖ್ಯ ಅಪರಾಧಿಗೆ ೨೦೦೭ರಲ್ಲಿ ವಿಧಿಸಿದ ಮರಣದಂಡನೆಯನ್ನು ಉಚ್ಚ ನ್ಯಾಯಾಲಯವು ಜೀವಾವಧಿಗೆ ಇಳಿಸಿತು. ಆ ಜೀವಾವಧಿ ಶಿಕ್ಷೆಯನ್ನು ೨೦೧೫ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಗಣಿಯ ಬಾಗಿಲು ೨೦೦೧ರಲ್ಲಿಯೇ ಮುಚ್ಚಿಹೋಗಿದ್ದಿತು. ಆ ನೆಲದಲ್ಲಿ ಚಿನ್ನವಿನ್ನೂ ಹುಟ್ಟುತ್ತಿತ್ತೆಂಬುದಕ್ಕೆ ಈ ಹುಡುಗನೇ ಸಾಕ್ಷಿ. ಹೆತ್ತವರ ದುಃಖಕ್ಕೆ ಇಂತಹ ಮಾತಿನಿಂದ ಸಮಾಧಾನವಾಗದೆಂಬುದನ್ನೂ ಬಲ್ಲೆನು.

ಆದುದರಿಂದ ಶುದ್ಧವಾದ ಎಣ್ಣೆಯನ್ನು ಕೇಳಿ ಪಡೆಯುವುದು ಗೃಹಸ್ಥನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಸೋಸುಕಾಗದದ ಪರೀಕ್ಷೆಯನ್ನು ಯಾವ ಬಂಕಿನಲ್ಲಿಯಾದರೂ ಕೇಳಬಹುದು. ಅದರ ಮೇಲೆ ಬಿದ್ದ ತೊಟ್ಟು ಎರಡು ನಿಮಿಷಗಳಲ್ಲಿ ಜಿಡ್ಡಿನ ಕಲೆಯಿಲ್ಲದೆ ಆರಬೇಕು. ಸಾಂದ್ರತೆಯನ್ನು ಅಳೆದು ತೋರಿಸಿರೆಂದರೆ ತೋರಿಸಬೇಕು. ಅದು ಟ್ಯಾಂಕರಿನ ಚೀಟಿಯಲ್ಲಿರುವ ಅಂಕಿಗೆ, ಘನಮೀಟರಿಗೆ ಮೂರು ಕಿಲೋಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ, ಹೊಂದಬೇಕು. ಮುದ್ರೆಯೊತ್ತಿದ ಐದು ಲೀಟರಿನ ಅಳತೆಪಾತ್ರೆಯೂ ಅಲ್ಲಿಯೇ ಇರುತ್ತದೆ. ಕೇಳಿದರೆ ಬಂಕಿನವರು ಮುಖ ಸಿಂಡರಿಸಬಹುದು. ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಹಣ್ಣನ್ನು ಮೂಸಿ ನೋಡದೆ ಕೊಳ್ಳದವರು ಪೆಟ್ರೋಲಿನಲ್ಲಿ ಮಾತ್ರ ಏಕೆ ಸಂಕೋಚಪಡಬೇಕು?

ಶಿಷ್ಯನಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಆಕ್ಟೇನಿಗಿಂತ ಹೆಚ್ಚಿನದಕ್ಕೆ ದುಡ್ಡು ತೆರಬೇಡ. ಮಲಶೋಧಕವುಳ್ಳ ಎಣ್ಣೆ ಸಾಮಾನ್ಯ ಬೆಲೆಗೆ ದೊರೆತರೆ ಅದನ್ನೇ ಹಾಕಿಸು. ದೊರೆಯದಿದ್ದರೆ ಆಗೊಮ್ಮೆ ಈಗೊಮ್ಮೆ ವಿಶೇಷ ಎಣ್ಣೆಯನ್ನು ತೊಟ್ಟಿ ತುಂಬ ಹಾಕಿಸಿ ದೂರ ಓಡಿಸು. ಸೋಸುಕಗಳನ್ನು ಕಾಲಕ್ಕೆ ಸರಿಯಾಗಿ ಬದಲಿಸು. ಜನ ಹೆಚ್ಚಾಗಿ ಹೋಗುವ, ಕೇಳಿದರೆ ಪರೀಕ್ಷೆ ತೋರಿಸುವ ಬಂಕನ್ನು ನೆಚ್ಚು; ಅದರ ಹಲಗೆಯ ಬಣ್ಣ ಯಾವುದಾದರೂ ಆಗಲಿ. ಅವನು ಹಾಗೆಯೇ ಮಾಡುತ್ತಿದ್ದಾನೆ. ಉಳಿದ ಹಣವನ್ನು ತಿಂಗಳು ತಿಂಗಳೂ ಅಂಚೆಕಛೇರಿಯಲ್ಲಿ ಹಿರಿಯ ಮಗಳ ಹೆಸರಿನಲ್ಲಿ ಕಟ್ಟುತ್ತಾನೆ. ಓಟದ ಲೆಕ್ಕದ ಪುಸ್ತಕವನ್ನು ಈಗ ಅವಳೇ ಬರೆಯುತ್ತಾಳೆ.