ಸುಮ್ಮನೆ ಕೂರುವುದನ್ನು ಕಲಿಯಲು ಬೀದರ್‌ಗೆ ಹೋದೆ

ಕಳೆದ ಜನವರಿಯಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಯ್ತು. ಎದೆ ಡವಗುಡುತ್ತಿತ್ತು, ಕೈ ಬೆವರಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹಾರ್ಟ್ ಅಟ್ಯಾಕ್ ಅಂತಲೇ ಅಂದುಕೊಂಡೆ. ರೂಮ್‌ಮೇಟ್ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ನಾರ್ಮಲ್. ಡಾಕ್ಟರ್ ನಿಧಾನವಾಗಿ ಹೇಳಿದರು: "ಹೃದಯ ಚೆನ್ನಾಗಿದೆ. ಇದು ಪ್ಯಾನಿಕ್ ಅಟ್ಯಾಕ್. ನಿದ್ದೆ ಎಷ್ಟು ಗಂಟೆ ಮಾಡ್ತೀರಿ?"

ಉತ್ತರ ಹೇಳಲು ನಾಚಿಕೆಯಾಯ್ತು. ನನಗೆ ಮೂವತ್ತು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಆನ್‌ಕಾಲ್ ವಾರ ಬಂದರೆ ಫೋನ್ ದಿಂಬಿನ ಕೆಳಗೇ ಇರುತ್ತದೆ.

ಆಮೇಲೆ ನಾನು ಮಾಡಿದ್ದು ನಮ್ಮಂಥವರು ಮಾಡುವ ಕೆಲಸವನ್ನೇ. ಕೌನ್ಸೆಲರ್ ಹತ್ತಿರ ಹೋಗುವ ಬದಲು ಆನ್‌ಲೈನ್ ಕೋರ್ಸ್ ಕೊಂಡೆ. 21 ದಿನಗಳಲ್ಲಿ ಕುಂಡಲಿನಿ ಜಾಗೃತಿ! ಬೆಳಗ್ಗೆ ಜೋರಾಗಿ ಉಸಿರಾಡಬೇಕು, ಆಮೇಲೆ ಉಸಿರು ಕಟ್ಟಬೇಕು. ನಾಲ್ಕನೇ ದಿನ ಬೆರಳುಗಳು ಜುಮ್ಮೆಂದವು. ಗ್ರೂಪ್‌ನಲ್ಲಿ ಹಾಕಿದರೆ "ಎನರ್ಜಿ ಮೇಲೇಳುತ್ತಿದೆ" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಒಂಬತ್ತನೇ ದಿನ ಚಾಪೆಯ ಮೇಲೇ ಎರಡನೇ ಪ್ಯಾನಿಕ್ ಅಟ್ಯಾಕ್ ಬಂತು.

ಡಾಕ್ಟರ್ ಹೇಳಿದ್ದು ಸರಳ. ರಭಸವಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದಕ್ಕೇ. ನಾನು ಶಕ್ತಿ ಎಂದುಕೊಂಡಿದ್ದು ಅದನ್ನು.

ಆ ವಾರ ಅವ್ವನಿಗೆ ಫೋನ್‌ನಲ್ಲಿ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. "ನಿನ್ನ ಕೊಳ್ಳಾಗಿನ ಲಿಂಗ ಎಲ್ಲದ?" ಎಂದಳು.

ಡ್ರಾಯರ್‌ನಲ್ಲಿತ್ತು. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ದಾರ ಹರಿದಿತ್ತು, ಮತ್ತೆ ಕಟ್ಟಿರಲಿಲ್ಲ. ಹಳೆಯ ಐಡಿ ಕಾರ್ಡು, ಚಾರ್ಜರುಗಳ ಜೊತೆ ಹತ್ತು ವರ್ಷ ಬಿದ್ದಿತ್ತು.

"ಊರಿಗಿ ಬಾ. ಆಯಿ ಬಲ್ಲಿ ನಾಕ ದಿನ ಇದ್ದು ಹೋಗು."

ಬೀದರ್: ಎರಡು ಕತ್ತಲೆಗಳು

ಯಶವಂತಪುರದಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೀದರ್. ಸ್ಟೇಷನ್ನಿನ ಹೊರಗೆ ಒಂದು ಚಹಾ, ಒಂದು ಪ್ಲೇಟ್ ಸುಸಲಾ. ಪಕ್ಕದಲ್ಲಿ ಒಬ್ಬರು ದಖ್ಖನಿಯಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ, ಮತ್ತೊಬ್ಬರು ನಮ್ಮ ಕನ್ನಡದಲ್ಲಿ ಜಗಳ ಆಡುತ್ತಿದ್ದರು. ಮೂವರಿಗೂ ಮೂರೂ ತಿಳಿಯುತ್ತಿತ್ತು. ಊರಿಗೆ ಬಂದೆ ಅನಿಸಿತು.

ಗೆಳೆಯನ ಬೈಕ್ ಹತ್ತಿ ಮೊದಲು ಅಷ್ಟೂರಿಗೆ ಹೋದೆ. ಬಹಮನಿ ಸುಲ್ತಾನರ ಸಮಾಧಿಗಳಿರುವ ಜಾಗ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಅಹ್ಮದ್ ಶಾ ವಲಿಯ ಗುಮ್ಮಟ ಇಲ್ಲೇ ಇದೆ. ಅವನು ಆಳಿದ್ದು 1422ರಿಂದ 1436ರವರೆಗೆ. ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ಮನೆ ನಿಂತರೆ ಗೋಡೆಯ ಕೆಂಪು, ನೀಲಿ, ಬಂಗಾರದ ಬಣ್ಣಗಳು, ಪಾರ್ಸಿ ಅಕ್ಷರಗಳು ಒಂದೊಂದಾಗಿ ಹೊರಬರುತ್ತವೆ.

ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ. ಇಲ್ಲಿಯ ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಉರುಸ್‌ಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಶಂಖ ಊದುತ್ತಾರೆ. ಚಿಕ್ಕವನಿದ್ದಾಗ ಮುತ್ಯಾನ ಹೆಗಲ ಮೇಲೆ ಕೂತು ಇದನ್ನು ನೋಡಿದ್ದೆ. ಆಗ ಅದು ವಿಶೇಷ ಅಂತ ಗೊತ್ತಿರಲಿಲ್ಲ.

ಅಲ್ಲಮ ಅಂದರೆ ನನಗೆ ನೆನಪಾಗುವುದು ಗೋರಕ್ಷನ ಕಥೆ. ಅದೇ 15ನೇ ಶತಮಾನದಲ್ಲಿ ಚಾಮರಸ ಬರೆದ 'ಪ್ರಭುಲಿಂಗಲೀಲೆ'ಯಲ್ಲಿ ಬರುತ್ತದೆ. ಗೋರಕ್ಷ ದೊಡ್ಡ ಸಿದ್ಧ. ಯೋಗದಿಂದ ದೇಹವನ್ನು ವಜ್ರ ಮಾಡಿಕೊಂಡವನು. ತನ್ನನ್ನು ಕತ್ತಿಯಿಂದ ಹೊಡೆದು ನೋಡು ಎಂದು ಅಲ್ಲಮನಿಗೆ ಸವಾಲು ಹಾಕುತ್ತಾನೆ. ಹೊಡೆದರೆ ಕಲ್ಲಿಗೆ ಬಡಿದಂತೆ ಸದ್ದು, ಒಂದು ಕೂದಲೂ ಕತ್ತರಿಸುವುದಿಲ್ಲ. ಆಮೇಲೆ ಗೋರಕ್ಷ ಅಲ್ಲಮನಿಗೆ ಕತ್ತಿ ಬೀಸುತ್ತಾನೆ. ಅದು ಗಾಳಿಯಲ್ಲಿ ಆಡಿದಂತೆ ಆಚೆಗೆ ಹೋಗುತ್ತದೆ. ಅಲ್ಲಿ ತಾಗಲು ಏನೂ ಇಲ್ಲ. ಗೋರಕ್ಷ ತಲೆಬಾಗುತ್ತಾನೆ.

ಶಾಲೆಯಲ್ಲಿ ಇದು ಪವಾಡದ ಕಥೆ ಅನಿಸಿತ್ತು. ಆ ಗುಮ್ಮಟದ ಕೆಳಗೆ ನಿಂತಾಗ ನನ್ನದೇ ಕಥೆ ಅನಿಸಿತು. ಕೋರ್ಸ್ ಕೊಂಡಾಗ ನನಗೆ ಬೇಕಿದ್ದದ್ದು ವಜ್ರದ ದೇಹವೇ: ಯಾವ ಡೆಡ್‌ಲೈನ್ ಬಡಿದರೂ ಏನೂ ಆಗದ ಮೆಷಿನ್.

ಮಧ್ಯಾಹ್ನ ಝರಣಿ ನರಸಿಂಹ. ನೀವು ಹೋಗಿರದಿದ್ದರೆ ಹೇಳುತ್ತೇನೆ. ಗುಡ್ಡದೊಳಗೆ ಸುಮಾರು 300 ಮೀಟರ್ ಉದ್ದದ ಸುರಂಗ, ಅದರ ತುಂಬ ನೀರು. ಸೊಂಟದಿಂದ ಎದೆಮಟ್ಟದ ನೀರಿನಲ್ಲೇ ನಡೆದುಹೋಗಬೇಕು. ತಲೆಯ ಮೇಲೆ ಬಾವಲಿಗಳು. ಕೊನೆಯಲ್ಲಿ ನರಸಿಂಹ, ಜೊತೆಗೆ ಶಿವಲಿಂಗ. ನರಸಿಂಹ ಕೊಂದ ರಾಕ್ಷಸನೇ ನೀರಾಗಿ ಅವನ ಪಾದದಿಂದ ಹರಿಯುತ್ತಿದ್ದಾನೆ ಎಂಬುದು ಸ್ಥಳದ ಕಥೆ.

ಅರ್ಧ ದಾರಿ ಹೋಗಿದ್ದೆ. ನೀರು ಎದೆಗೆ ಬಂತು, ಹಿಂದೆ ಜನ, ಮುಂದೆ ಜನ. ಉಸಿರು ಜೋರಾಯ್ತು. ಅದೇ ಜನವರಿಯ ರಾತ್ರಿ ಮತ್ತೆ ಬಂತು. ಮುಂದಿದ್ದ ಹೆಂಗಸು, ಹೆಗಲ ಮೇಲೆ ಮಗು ಹೊತ್ತವಳು, ತಿರುಗಿ ನೋಡಿ ಹೇಳಿದಳು: "ಕಾಲ ಎತ್ತಬ್ಯಾಡ ತಮ್ಮಾ, ಸರಿಸ್ಕೋತ ನಡಿ. ಉಸರ ಬಿಡು."

ಉಸಿರು ಬಿಡು! 21 ದಿನದ ಕೋರ್ಸ್‌ನಲ್ಲಿ ಎಲ್ಲರೂ ಹಿಡಿ, ಕಟ್ಟು ಎಂದಿದ್ದರು. ಗೋಡೆ ಹಿಡಿದು ನಿಂತು ಉದ್ದಕ್ಕೆ ಉಸಿರು ಬಿಟ್ಟೆ. ಹತ್ತು ಸಲ ಬಿಟ್ಟ ಮೇಲೆ ಎದೆ ಸ್ವಲ್ಪ ಇಳಿಯಿತು. ಆದರೂ ಮುಂದೆ ಹೋಗಲಿಲ್ಲ, ಅಲ್ಲಿಂದಲೇ ತಿರುಗಿದೆ. ನರಸಿಂಹನ ದರ್ಶನ ಆಗಲಿಲ್ಲ. ಹೊರಗೆ ಬಂದು ಒದ್ದೆ ಬಟ್ಟೆಯಲ್ಲೇ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ.

ಭಾಲ್ಕಿ: ಹೊಸ ದಾರ

ಮರುದಿನ ಬಸ್ಸಿನಲ್ಲಿ ಭಾಲ್ಕಿಗೆ ಹೋದೆ, ಸುಮಾರು 40 ಕಿ.ಮೀ. ಲಿಂಗಕ್ಕೆ ಶಿವದಾರ ಬೇಕಿತ್ತು. ವಿಭೂತಿ, ರುದ್ರಾಕ್ಷಿ ಮಾರುವ ಸಣ್ಣ ಅಂಗಡಿಯೊಂದರಲ್ಲಿ ವಯಸ್ಸಾದವರೊಬ್ಬರು ಇದ್ದರು. ಲ್ಯಾಪ್‌ಟಾಪ್ ಬ್ಯಾಗಿನಿಂದ ಲಿಂಗ ತೆಗೆದಾಗ ನನಗೆ ಬೈಗುಳ ಕಾದಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡರು. ಬೆಳಕಿಗೆ ಹಿಡಿದು, "ಕಂತಿ ಛಲೋ ಅದರೀ. ಸೀಳಿಲ್ಲ" ಎಂದರು.

ಕಂತಿ ಎಂದರೆ ಒಳಗಿನ ಪುಟ್ಟ ಕಲ್ಲಿನ ಲಿಂಗಕ್ಕೆ ಹಾಕುವ ಕಪ್ಪು, ನುಣುಪು ಹೊದಿಕೆ. ಇಷ್ಟಲಿಂಗ ಎಡ ಅಂಗೈಯಲ್ಲಿ ಕೂರುವುದು, ದೀಪ ಹಚ್ಚಿದರೆ ಅದರ ಮೇಲೆ ಒಂದು ಬೆಳಕಿನ ಚುಕ್ಕೆ ಕಾಣುವುದು ಇದರಿಂದಲೇ. ಆ ಚುಕ್ಕೆಯ ಮೇಲೆ ನೋಟ ನಿಲ್ಲಿಸುವುದು ಶಿವಯೋಗದ ಮೊದಲ ಪಾಠ. ಹಠಯೋಗದಲ್ಲಿ ಇದಕ್ಕೆ ಹತ್ತಿರದ್ದು ತ್ರಾಟಕ. ಸ್ವಾತ್ಮಾರಾಮ 15ನೇ ಶತಮಾನದಲ್ಲಿ ಬರೆದ 'ಹಠಯೋಗಪ್ರದೀಪಿಕೆ' ಅದನ್ನು ಆರು ಶುದ್ಧಿಕ್ರಿಯೆಗಳಲ್ಲಿ ಸೇರಿಸುತ್ತದೆ. ಅದೇ ಪುಸ್ತಕ ಇನ್ನೊಂದು ಮಾತೂ ಹೇಳುತ್ತದೆ: ಉಸಿರನ್ನು ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಹಾಗೆ ಮೆಲ್ಲಗೆ ಪಳಗಿಸಬೇಕು, ಅವಸರ ಮಾಡಿದರೆ ಮಾಡಿದವನಿಗೇ ಅಪಾಯ. ನನ್ನ ಕೋರ್ಸ್‌ನಲ್ಲಿ ಕುಂಡಲಿನಿ ಇತ್ತು, ಈ ಎಚ್ಚರಿಕೆ ಇರಲಿಲ್ಲ.

ದಾರ ಕಟ್ಟುತ್ತಿದ್ದ ಹಿರಿಯರಿಗೆ ಕೇಳಿದೆ: "ಅಜ್ಜಾರ, ಇದರಿಂದ ಚಕ್ರ ಏಳ್ತಾವೇನ್ರೀ?"

ಅವರು ನಕ್ಕರು. "ಆರ ಚಕ್ರ, ಆರ ಸ್ಥಲ, ಎಲ್ಲಾ ಅವರೀ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ನೀವು ಇನ್ನಾ ಭಕ್ತ ಆಗಿಲ್ಲ, ಸೀದಾ ಐಕ್ಯಕ್ಕ ಟಿಕೆಟ್ ಕೇಳ್ಲತ್ತೀರಿ."

ಹಿರೇಮಠಕ್ಕೂ ಹೋದೆ. ಅಲ್ಲಿ ನೆನಪಾಗುವವರು ಡಾ. ಚನ್ನಬಸವ ಪಟ್ಟದ್ದೇವರು. 1889ರಲ್ಲಿ ಕಮಲನಗರದಲ್ಲಿ ಹುಟ್ಟಿದವರು, 1999ರವರೆಗೆ ಬಾಳಿದವರು. ನಿಜಾಮನ ಆಳ್ವಿಕೆಯಲ್ಲಿ ಇಲ್ಲಿ ಕನ್ನಡ ಶಾಲೆ ನಡೆಸುವುದು ಸುಲಭವಿರಲಿಲ್ಲ. ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ನಮ್ಮ ಮುತ್ಯಾನ ಕಾಲದವರು ಅಕ್ಷರ ಕಲಿತದ್ದು ಇಂಥವರ ಧೈರ್ಯದಿಂದ. ಈ ಲೇಖನವನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಎಲ್ಲೋ ಅದೇ ಕಾರಣ.

ಆ ಅಂಗಳದಲ್ಲಿ ನನಗೆ ಒಂದು ವಿಷಯ ಚುಚ್ಚಿತು. ಪಟ್ಟದ್ದೇವರೂ ದಿನಾ ಲಿಂಗ ಹಿಡಿದು ಕೂತವರೇ. ಆದರೆ ಕೂತು ಎದ್ದ ಮೇಲೆ ಊರ ಮಕ್ಕಳ ಕಡೆ ನಡೆದರು. ನಾನು ಕೂರಲು ಹೊರಟದ್ದು ನನ್ನ ಪರ್ಫಾರ್ಮೆನ್ಸ್ ಸರಿಯಾಗಲಿ ಎಂದು ಮಾತ್ರ.

ಔರಾದ್: ಆಯಿಯ ಬೆಳಗು

ಕಮಲನಗರದ ಮೇಲಿಂದ ಔರಾದ್‌ಗೆ ಹೋದೆ. ರಾಜ್ಯದ ಉತ್ತರದ ತುದಿಯ ತಾಲ್ಲೂಕು. ತೊಗರಿ ಕೊಯ್ದ ಬಯಲು, ಅಲ್ಲಲ್ಲಿ ಜೋಳ, ನೆರಳಲ್ಲಿ ನಿಂತ ದೇವಣಿ ಎತ್ತುಗಳು. ಅಮರೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಆಯಿಯ ಮನೆ.

ಆಯಿಗೆ 84. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಮೂರು ವರ್ಷವಾಯ್ತು. ನೋವಿಲ್ಲದ ಕಾಯಿಲೆ, ತಿಳಿಯುವಷ್ಟರಲ್ಲಿ ತಡವಾಗಿತ್ತು. ಆ ಮೂರು ವರ್ಷದಲ್ಲಿ ನಾನು ಬಂದದ್ದು ಒಂದೇ ಸಲ, ಅದೂ ಒಂದು ಮದುವೆಗೆ. ನನ್ನ ಮುಖ ಸವರಿ, "ಸೊರಗಿ" ಎಂದಳು. ಕೊರಳು ಸವರಿ ದಾರ ಸಿಕ್ಕಾಗ ಏನೂ ಹೇಳಲಿಲ್ಲ. ಕೈ ಮಾತ್ರ ಅಲ್ಲೇ ಒಂದು ಕ್ಷಣ ನಿಂತಿತು.

ಬೆಳಗ್ಗೆ ಐದಕ್ಕೆ ಎಬ್ಬಿಸಿದಳು. ಜಳಕ, ಹಣೆಗೆ ವಿಭೂತಿ. ಕರಡಿಗೆಯಿಂದ ಲಿಂಗ ತೆಗೆದು, ತೊಳೆದು, ಎಡಗೈಯಲ್ಲಿಟ್ಟು ಮುಖದ ಮುಂದೆ ಹಿಡಿದಳು. ದೀಪವನ್ನೂ ಹಚ್ಚಿದಳು, ಬೆರಳಿಂದ ಬತ್ತಿ ಹುಡುಕಿ. ಬೆನ್ನು ನೆಟ್ಟಗೆ. ತೆರೆದ ಕಣ್ಣುಗಳು ಅಂಗೈ ಕಡೆಗೇ.

ನಾನು ಪಕ್ಕದಲ್ಲಿ ಕೂತೆ. ಕೈ ನಡುಗಿತು. ಚುಕ್ಕೆ ಅಲುಗಿತು. ಮನಸ್ಸು ಆಫೀಸಿಗೆ ಹೋಯ್ತು, ಝರಣಿಗೆ ಹೋಯ್ತು, ಮತ್ತೆ ಆಫೀಸಿಗೆ. ಏಳು ನಿಮಿಷಕ್ಕೆ ಸೋತೆ. ಆಯಿ ಅರ್ಧ ಗಂಟೆ ಕೂತಿದ್ದಳು.

ಚಹಾ ಕುಡಿಯುವಾಗ ತಡೆಯಲಾಗದೆ ಕೇಳಿದೆ: "ಆಯಿ, ನಿನಗ ಲಿಂಗ ಕಾಣಂಗಿಲ್ಲಲ್ಲ. ಏನ್ ನೋಡ್ತಿ?"

"ಏನೂ ಇಲ್ಲ. ಮೊದಲ ನೋಡ್ಲಿಕ್ಕಂತ ಹಿಡೀತಿದ್ದೆ. ಈಗ ಕುಂದರ್ಲಿಕ್ಕಂತ ಹಿಡೀತೀನಿ."

"ಮನಸ್ಸು ನಿಂದರತದ?"

"ಒಂದೊಂದ ದಿನ. ಕಣ್ಣ ಹೋದ ವರ್ಷ ಒಂದ ದಿನಾನೂ ನಿಂದರಲಿಲ್ಲ. ಅಳ್ಕೋತ ಹಿಡ್ದೀನಿ. ಹಿಡಿಯೋದು ಬಿಟ್ಟಿಲ್ಲ, ಅಷ್ಟೇ."

ಆ ವರ್ಷ ನಾನು ಎಲ್ಲಿದ್ದೆ? ಹೊಸ ಕಂಪನಿ, ಹೊಸ ಪ್ಯಾಕೇಜ್. ಭಾನುವಾರದ ಫೋನಿನಲ್ಲಿ "ಆರಾಮ ಅದೀನಿ" ಎಂದವಳ ಮಾತನ್ನು ನಂಬಿ ಇಟ್ಟುಬಿಡುತ್ತಿದ್ದೆ.

ಝರಣಿಯಲ್ಲಿ ಅರ್ಧಕ್ಕೇ ತಿರುಗಿದ್ದನ್ನೂ ಹೇಳಿದೆ. "ನರಸಿಂಹ ಎಲ್ಲಿಗೂ ಹೋಗಂಗಿಲ್ಲ. ಮುಂದಿನ ಸಲ ಹೋಗು" ಎಂದು ರೊಟ್ಟಿ ಬಡಿಯುವ ಸದ್ದಿನ ಕಡೆಗೆ ಮುಖ ತಿರುಗಿಸಿ, ಪುಂಡಿ ಪಲ್ಯ ಮಾಡಲು ಮಾಮಿಗೆ ಹೇಳಿದಳು.

ನಾಲ್ಕು ದಿನ ಇದ್ದೆ. ಸಂಜೆ ಅವಳ ಕೈ ಹಿಡಿದು ಅಮರೇಶ್ವರ ಗುಡಿಗೆ ಹೋಗಿ ಬರುತ್ತಿದ್ದೆವು. ಮೆಟ್ಟಿಲು ಬಂದಾಗ ಅವಳೇ ನನಗೆ ಹೇಳುತ್ತಿದ್ದಳು, "ಮೆಟ್ಟಲ ಅವ, ನೋಡ್ಕೋತ ಬಾ."

ವಾಪಸ್ ಬಂದ ಮೇಲೆ

ಪವಾಡ ಏನೂ ಆಗಿಲ್ಲ. ಬೆಂಗಳೂರಿಗೆ ಬಂದು ಕೌನ್ಸೆಲರ್ ಹತ್ತಿರ ಹೋಗಲು ಶುರುಮಾಡಿದೆ, ಅದನ್ನು ಮೊದಲೇ ಮಾಡಬೇಕಿತ್ತು. ನಿಮಗೂ ಇಂಥ ರಾತ್ರಿಗಳು ಬಂದಿದ್ದರೆ ಮೊದಲು ಡಾಕ್ಟರ್, ಆಮೇಲೆ ಮಿಕ್ಕಿದ್ದು. ಉಸಿರು ಕಟ್ಟುವ ಅಭ್ಯಾಸಗಳನ್ನು ಯೂಟ್ಯೂಬ್ ನೋಡಿ ಮಾಡಬೇಡಿ. ಮನೆಯಲ್ಲಿ ನಲವತ್ತು ದಾಟಿದವರ ಕಣ್ಣಿನ ಒತ್ತಡವನ್ನೂ ಒಮ್ಮೆ ಚೆಕ್ ಮಾಡಿಸಿ.

ಪ್ಯಾನಿಕ್ ಆಮೇಲೆ ಎರಡು ಸಲ ಬಂತು. ಆದರೆ ಈಗ ಅದನ್ನು ಸೋಲಿಸಲು ಹೋಗುವುದಿಲ್ಲ. ಕಾಲು ಎತ್ತದೆ, ಸರಿಸಿಕೊಂಡು, ಉಸಿರು ಬಿಟ್ಟುಕೊಂಡು ದಾಟುತ್ತೇನೆ. ಬೆಳಗ್ಗೆ ಲಿಂಗ ಹಿಡಿದು ಹತ್ತು ನಿಮಿಷ ಕೂರುತ್ತೇನೆ. ಬಹಳ ದಿನ ಚುಕ್ಕೆ ಅಲುಗುತ್ತಲೇ ಇರುತ್ತದೆ. ಯಾವ ಗ್ರೂಪ್‌ನಲ್ಲೂ ಹಾಕುವುದಿಲ್ಲ.

ಫೋನ್ ಮಾತ್ರ ದಿನಾ ಮಾಡುತ್ತೇನೆ. ಆಯಿಯ ಪ್ರಶ್ನೆ ಯಾವಾಗಲೂ ಒಂದೇ.

"ಇವತ್ತ ಕುಂತಿದ್ದೇನು?"

"ಕುಂತಿದ್ದೆ ಆಯಿ. ಮನಸ್ಸು ನಿಂದರಲಿಲ್ಲ."

"ಆಗಲಿ. ನಾಳಿಗಿ ಕುಂದುರು." ಅಷ್ಟು ಹೇಳಿ, "ನೀ ಯಾವಾಗ ಬರ್ತಿ?" ಎಂದು ಕೇಳುತ್ತಾಳೆ. ಮುಂದಿನ ತಿಂಗಳ ಟಿಕೆಟ್ ತೆಗೆಸಿದ್ದೇನೆ.