ರೋಗಿಯ ಹಕ್ಕು ಮತ್ತು ಶುಶ್ರೂಷೆಯ ಪುರಾವೆ

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನು ಇನ್ನೊಬ್ಬನಿಗೆ ಸಲ್ಲಿಸಬೇಕಾದ ಹಕ್ಕುಗಳಲ್ಲಿ ಒಂದೆಂದು ನಾವು ಮದ್ರಸದ ಆರಂಭದ ಪಾಠಗಳಲ್ಲೇ ಕಲಿಯುತ್ತೇವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಮ್ಮ ಮೊಹಲ್ಲಾಗಳಲ್ಲಿ ಈ ಹಕ್ಕು ಇಂದಿಗೂ ಜೀವಂತವಾಗಿದೆ. ಒಬ್ಬರು ಕಲಬುರಗಿಯ ಆಸ್ಪತ್ರೆ ಸೇರಿದರೆಂದು ತಿಳಿದರೆ ಸಾಕು, ಕ್ರೂಸರ್ ಗಾಡಿ ತುಂಬ ಬಂಧುಗಳು, ನೆರೆಯವರು, ಜಮಾಅತಿನ ಹಿರಿಯರು ಹೊರಟು ನಿಲ್ಲುತ್ತಾರೆ. ಆದರೆ ತೀವ್ರ ನಿಗಾ ಘಟಕದ, ಅಂದರೆ ನಾವೆಲ್ಲ ಐಸಿಯು ಎಂದು ಕರೆಯುವ ಕೋಣೆಯ ಬಾಗಿಲಲ್ಲಿ ಈ ಪ್ರೀತಿಗೆ ತಡೆ ಬೀಳುತ್ತದೆ. "ನಮ್ಮವರನ್ನು ನಾವೇ ನೋಡಬಾರದೇ?" ಎಂಬ ಕೋಪ ಅಲ್ಲಿ ಹುಟ್ಟುತ್ತದೆ. ಆ ಬಾಗಿಲಿನ ಒಳಗೆ ನಡೆಯುವ ಕೆಲಸವೇನು, ಅದರ ಆಧಾರವೇನು, ಹೊರಗೆ ನಿಂತವರ ಕರ್ತವ್ಯವೇನು ಎಂಬುದನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಮ್ಮ ಭಾಗಕ್ಕೆ ಐಸಿಯು ದೂರದ ಮಾತಲ್ಲ. ಶಹಾಬಾದಿನ ಕಲ್ಲು, ವಾಡಿ ಮತ್ತು ಸೇಡಂನ ಸಿಮೆಂಟು ನಾಡಿಗೆಲ್ಲ ಮನೆ ಕಟ್ಟಿಕೊಟ್ಟಿವೆ. ಕಲ್ಲಿನ ಗಣಿಯ ಧೂಳು ಮಾತ್ರ ದುಡಿಯುವವರ ಶ್ವಾಸಕೋಶದಲ್ಲಿ ಉಳಿಯುತ್ತದೆ. ತೊಗರಿ ಹೊಲದಲ್ಲಿ ಹಾವು ಕಚ್ಚಿದವರು, ಕೀಟನಾಶಕ ಮೈಗೇರಿದವರು, ಹೃದಯಾಘಾತಕ್ಕೆ ಒಳಗಾದವರು ಕೊನೆಗೆ ಕಲಬುರಗಿಯ ಅಥವಾ ಹೈದರಾಬಾದಿನ ಐಸಿಯುವಿಗೇ ಬರುತ್ತಾರೆ. ಭಾರತದಲ್ಲಿ ದೃಢಪಟ್ಟ ಮೊದಲ ಕೋವಿಡ್ ಮರಣ 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ಕಲಬುರಗಿಯವರೊಬ್ಬರದು. ಉಸಿರಾಟದ ಯಂತ್ರ, ಆಕ್ಸಿಜನ್ ಎಂಬ ಶಬ್ದಗಳು ನಮ್ಮ ಮನೆಗಳ ಮಾತಾದದ್ದು ಆ ದಿನಗಳಲ್ಲಿ.

ನಮ್ಮಲ್ಲಿ ಓದಿದ ಹೆಣ್ಣುಮಗಳೊಬ್ಬಳು ಈಗ ಐಸಿಯುವಿನಲ್ಲಿ ಶುಶ್ರೂಷಾಧಿಕಾರಿ. ಕಳೆದ ರಮಝಾನಿನ ನಂತರ ಮನೆಗೆ ಬಂದಾಗ ಅವಳ ಕೆಲಸದ ಬಗ್ಗೆ ವಿಚಾರಿಸಿದೆವು. ಅವಳು ನಕ್ಕು, "ಸರ್, ನೀವು ಹದೀಸ್ ಪಾಠದಾಗ ಸನದ್ ಎಲ್ಲೈತಿ ಅಂತ ಕೇಳ್ತಿದ್ರಲ್ಲ, ನಾವೂ ಈಗ ಹಂಗೇ ಕೇಳ್ತೀವಿ" ಎಂದಳು. ಆ ಒಂದು ಮಾತು ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿತು.

ಅವಳು ಹೇಳಿದ ವಿದ್ಯೆಯ ಹೆಸರು ಪುರಾವೆ ಆಧಾರಿತ ಶುಶ್ರೂಷೆ. 'ಹಿಂದಿನಿಂದ ಹೀಗೇ ಮಾಡುತ್ತ ಬಂದಿದ್ದೇವೆ' ಎಂಬುದನ್ನು ಕಾರಣವೆಂದು ಒಪ್ಪದೆ, ರೋಗಿಗೆ ಮಾಡುವ ಪ್ರತಿಯೊಂದು ಉಪಚಾರಕ್ಕೂ ಪರೀಕ್ಷಿತ ಆಧಾರ ಕೇಳುವುದು. ಆ ಆಧಾರವನ್ನು ತನ್ನ ಅನುಭವದೊಂದಿಗೂ ಎದುರಿಗಿರುವ ರೋಗಿಯ ಸ್ಥಿತಿ ಮತ್ತು ಇಚ್ಛೆಯೊಂದಿಗೂ ಹೊಂದಿಸುವುದು. ಕೆಲವು ಉದಾಹರಣೆಗಳನ್ನು ನೋಡೋಣ.

ಉಸಿರಾಟದ ಯಂತ್ರದ ಮೇಲಿರುವ ರೋಗಿಯನ್ನು ಅಂಗಾತ ಸಪಾಟಾಗಿ ಮಲಗಿಸಿದರೆ ಹೊಟ್ಟೆಯ ದ್ರವ ಮೇಲೇರಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆಭಾಗವನ್ನು 45 ಡಿಗ್ರಿ ಎತ್ತರಿಸಿ ಮಲಗಿಸಿದ 39 ರೋಗಿಗಳಲ್ಲಿ 3 ಮಂದಿಗೆ ನ್ಯುಮೋನಿಯಾದ ಶಂಕೆ ಕಂಡಿತು. ಸಪಾಟಾಗಿ ಮಲಗಿದ 47 ಮಂದಿಯಲ್ಲಿ ಆ ಸಂಖ್ಯೆ 16. ಹಾಸಿಗೆಯ ತಲೆಭಾಗ ಎತ್ತುವುದಕ್ಕೆ ಹಣ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಇಂದು 30ರಿಂದ 45 ಡಿಗ್ರಿ ಎತ್ತರ ಎಂಬುದು ಐಸಿಯುಗಳ ಸಾಮಾನ್ಯ ನಿಯಮ.

ರಕ್ತನಾಳಕ್ಕೆ ಹಾಕುವ ದೊಡ್ಡ ನಳಿಕೆಯಿಂದ ಹರಡುವ ಸೋಂಕು ಇನ್ನೊಂದು ಉದಾಹರಣೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದು ಸರಳ ಕ್ರಮಗಳನ್ನು ಬಿಡದೆ ಪಾಲಿಸಲಾಯಿತು: ಕೈ ತೊಳೆಯುವುದು, ನಳಿಕೆ ಹಾಕುವಾಗ ರೋಗಿಯ ಮೈಯನ್ನು ಶುದ್ಧ ಬಟ್ಟೆಯಿಂದ ಪೂರ್ಣ ಮುಚ್ಚಿ ತಾವೂ ಗೌನು, ಗ್ಲೌಸು ಧರಿಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುದ್ಧಗೊಳಿಸುವುದು, ಸಾಧ್ಯವಾದರೆ ತೊಡೆಯ ಬಳಿಯ ರಕ್ತನಾಳವನ್ನು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸೋಂಕಿನ ಮಧ್ಯಾಂಕ ಮೂರೇ ತಿಂಗಳಲ್ಲಿ ಸೊನ್ನೆಗೆ ಇಳಿದಿತ್ತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ವೈದ್ಯರು ಒಂದು ಕ್ರಮವನ್ನು ಬಿಟ್ಟರೆ ಅವರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ಅಲ್ಲಿ ನರ್ಸ್‌ಗಳಿಗೆ ಕೊಡಲಾಗಿತ್ತು.

ಮದ್ರಸದಲ್ಲಿ ಓದಿದವರಿಗೆ ಈ ವಿಧಾನ ಅಪರಿಚಿತವೆನಿಸಲಾರದು. ಯಾರೋ ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಜನರಿಗೆ ಹಾನಿ ಮಾಡಬಾರದೆಂಬ ಎಚ್ಚರಿಕೆ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ನಮ್ಮ ಮುಹದ್ದಿಸ್‌ಗಳು ಒಂದೊಂದು ವರದಿಯ ಸನದನ್ನೂ ಶೋಧಿಸಿ ಸಹೀಹ್, ಹಸನ್, ಝಈಫ್ ಎಂದು ವಿಂಗಡಿಸಿದರು. ವೈದ್ಯಕೀಯ ಅಧ್ಯಯನಗಳಲ್ಲೂ ಬಲವಾದವು, ದುರ್ಬಲವಾದವು ಇವೆ. ಅವನ್ನು ವಿಂಗಡಿಸುವ ಶಾಸ್ತ್ರವೂ ಇದೆ. ಸಾವಿರ ವರ್ಷಗಳ ಹಿಂದೆಯೇ ಅಬೂಬಕ್ರ್ ಅಲ್ ರಾಝೀ ಮೆದುಳಿನ ಉರಿಯೂತದ ಲಕ್ಷಣವಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ನೀಡಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿದ್ದನ್ನು ಬರೆದಿಟ್ಟಿದ್ದಾರೆ. ಅವರ ಚಿಕಿತ್ಸೆ ಇಂದು ಉಳಿದಿಲ್ಲ. ಹೋಲಿಸಿ ನೋಡಬೇಕೆಂಬ ಅವರ ಪ್ರಶ್ನೆ ಉಳಿದಿದೆ.

ಒಂದು ವ್ಯತ್ಯಾಸವನ್ನೂ ಹೇಳಬೇಕು. ದಿವ್ಯವಾಣಿ ಬದಲಾಗದು; ಮನುಷ್ಯನ ಶೋಧನೆ ಬದಲಾಗುತ್ತದೆ. ಯಂತ್ರದ ಮೇಲಿರುವ ರೋಗಿಯ ಬಾಯಿಯನ್ನು ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಒರೆಸುವುದು ಬಹುಕಾಲ ಒಳ್ಳೆಯ ಶುಶ್ರೂಷೆಯೆನಿಸಿತ್ತು. ಮುಂದಿನ ವಿಶ್ಲೇಷಣೆಗಳು ಅದರ ಪ್ರಯೋಜನವನ್ನೇ ಪ್ರಶ್ನಿಸಿದವು. 2022ರ ಅಮೆರಿಕದ ತಜ್ಞರ ಮಾರ್ಗಸೂಚಿ ಆ ದ್ರವವನ್ನು ಬಿಟ್ಟು ಪ್ರತಿದಿನ ಬ್ರಷ್‌ನಿಂದ ಹಲ್ಲುಜ್ಜಬೇಕೆಂದು ಹೇಳಿತು. ಮಿಸ್ವಾಕ್‌ನ ಸುನ್ನತ್ತನ್ನು ಪ್ರೀತಿಸುವ ಸಮುದಾಯಕ್ಕೆ ಬಾಯಿಯ ಶುಚಿತ್ವದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಹಾಗೆಂದು ಇಂಥ ಅಧ್ಯಯನಗಳಿಂದ ಧರ್ಮಕ್ಕೆ ಪ್ರಮಾಣಪತ್ರ ಪಡೆಯಲು ಹೊರಡುವುದೂ ಸಲ್ಲದು. ನಾಳೆ ಅಧ್ಯಯನ ಬದಲಾದರೆ ನಮ್ಮ ನಂಬಿಕೆ ಬದಲಾಗುವುದಿಲ್ಲ.

ತಿಳಿದದ್ದನ್ನು ಆಚರಣೆಗೆ ತರುವುದೇ ಕಠಿಣ. ನಮ್ಮ ಶಿಷ್ಯೆ ಮೊದಲು ದುಡಿದ ಆಸ್ಪತ್ರೆಯಲ್ಲಿ ಕಫ ಹೀರುವ ಮುನ್ನ ನಳಿಕೆಗೆ ಸಲೈನ್ ಹನಿಸುವ ರೂಢಿಯಿತ್ತು. ಇದನ್ನು ರೂಢಿಯಾಗಿ ಮಾಡಬಾರದೆಂದು ಓದಿದ್ದ ಅವಳು ಪ್ರಶ್ನಿಸಿದಾಗ, "ನೀನು ಬಂದು ಎಷ್ಟು ದಿನ ಆಯ್ತು?" ಎಂಬ ಉತ್ತರ ಬಂತಂತೆ. ಯಂತ್ರದ ಮೇಲಿರುವ ಒಬ್ಬ ರೋಗಿಗೆ ಪಾಳಿಗೊಬ್ಬರು ನರ್ಸ್ ಇರಬೇಕೆಂಬುದು ನಮ್ಮ ದೇಶದಲ್ಲೂ ಒಪ್ಪಿತ ಮಾನದಂಡ. ಅಲ್ಲಿ ರಾತ್ರಿ ಪಾಳಿಯಲ್ಲಿ ಅವಳೊಬ್ಬಳಿಗೆ ಐವರು ರೋಗಿಗಳು. ಮೈಯಲ್ಲಿ ಹುಣ್ಣಾಗದಂತೆ ಐವರನ್ನೂ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದು ಒಬ್ಬಳಿಂದ ಹೇಗೆ ಸಾಧ್ಯ? ಪುರಾವೆ ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ನಡೆಸುವ ಕೈಗಳು ಬೇಕು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನವಿದೆ. ನಾವು ಕಟ್ಟಡ, ಯಂತ್ರಗಳನ್ನು ಕೇಳುವಷ್ಟೇ ಗಟ್ಟಿಯಾಗಿ ತರಬೇತಾದ ನರ್ಸ್‌ಗಳ ಹುದ್ದೆಗಳನ್ನೂ ಕೇಳಬೇಕು.

ಇನ್ನು ಬಾಗಿಲ ಹೊರಗಿರುವ ನಮ್ಮ ಪಾಲಿನ ಕೆಲಸ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಮದ್ಯಸಾರವಿದೆಯೆಂದು ಕೆಲವರು ಈಗಲೂ ಹಿಂಜರಿಯುತ್ತಾರೆ. ಬಾಹ್ಯವಾಗಿ ಗಾಯ ಶುದ್ಧಿಗೆ, ರೋಗಾಣು ನಾಶಕ್ಕೆ ಮದ್ಯಸಾರ ಬಳಸಬಹುದೆಂದು ಮಕ್ಕಾದ ರಾಬಿತತುಲ್ ಆಲಮಿಲ್ ಇಸ್ಲಾಮಿಯ ವಿದ್ವಾಂಸರ ಮಂಡಳಿ 2002ರಲ್ಲೇ ತೀರ್ಮಾನಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಶುದ್ಧಿ ಮಾರ್ಗಸೂಚಿಯೂ ಅದನ್ನು ಉಲ್ಲೇಖಿಸಿದೆ. ನಮಾಝಿಗೆ ವುಝೂ ಮಾಡಿ ಬಂದೆನೆಂದು ಹೇಳಿ ಕೈಶುದ್ಧಿ ಬಿಡುವುದೂ ತಪ್ಪು. ಬಾಗಿಲ ಹಿಡಿ, ಮೊಬೈಲು ಮುಟ್ಟಿದ ಕೈಯನ್ನು ರೋಗಿಯ ಬಳಿ ಹೋಗುವಾಗ ಮತ್ತೆ ಶುದ್ಧಗೊಳಿಸಲೇಬೇಕು.

ಪ್ರಜ್ಞೆಯಿಲ್ಲದ ರೋಗಿಯ ಬಾಯಿಗೆ ಝಮ್‌ಝಮ್ ನೀರು ಹಾಕಲು ಬಂಧುಗಳು ಬಯಸುತ್ತಾರೆ. ಅವರ ಪ್ರೀತಿಯನ್ನು ನಾವು ಬಲ್ಲೆವು. ಆದರೆ ನುಂಗಲಾರದವನ ಬಾಯಿಗೆ ಬಿದ್ದ ನೀರು ಶ್ವಾಸಕೋಶಕ್ಕಿಳಿದು ಅವನ ಜೀವಕ್ಕೇ ಎರವಾಗಬಹುದು. ನರ್ಸ್‌ಳನ್ನು ಕೇಳಿರಿ, ಅವಳು ಒಪ್ಪಿದರೆ ಒದ್ದೆ ಹತ್ತಿಯಿಂದ ತುಟಿ ಸವರಿದರೆ ಸಾಕು. "ತಲೆ ಇಳಿಸಿ, ನಮ್ಮ ಅಬ್ಬಾ ಆರಾಮಾಗಿ ಮಲಗಲಿ" ಎಂದು ಒತ್ತಾಯಿಸಬೇಡಿರಿ. ಇಪ್ಪತ್ತು ಜನ ನುಗ್ಗುವ ಬದಲು ಮನೆಯ ಒಬ್ಬರು ಒಳಗೆ ಹೋಗಿ ಕೈ ಹಿಡಿದು, ಪರಿಚಿತ ದನಿಯಲ್ಲಿ ಮಾತಾಡಲಿ; ಉಳಿದವರು ಹೊರಗೆ ದುಆ ಮಾಡಲಿ. ಸಾಂಕ್ರಾಮಿಕವಿರುವ ಊರಿಗೆ ಹೋಗಬೇಡಿರಿ, ಅಲ್ಲಿಂದ ಹೊರಡಬೇಡಿರಿ ಎಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳಿಗೆ, ಕೆಲವೊಮ್ಮೆ ದೂರ ನಿಲ್ಲುವುದೂ ರೋಗಿಯ ಹಕ್ಕನ್ನು ಸಲ್ಲಿಸುವ ಬಗೆಯೆಂದು ತಿಳಿಯಬೇಕು.

ಕೊನೆಯ ಮಾತು ಹೆಣ್ಣುಮಕ್ಕಳ ಬಗ್ಗೆ. ನರ್ಸಿಂಗ್ ಓದಿಸಲು ನಮ್ಮಲ್ಲಿ ಅನೇಕ ತಂದೆಯರು ಒಪ್ಪುವುದಿಲ್ಲ. ರಾತ್ರಿ ಪಾಳಿ, ಪರಪುರುಷರ ಸೇವೆ, ವಿವಾಹ ಸಂಬಂಧದ ಚಿಂತೆ ಎಂದು ಕಾರಣ ಕೊಡುತ್ತಾರೆ. ಅದೇ ತಂದೆಯರು ತಮ್ಮ ಪತ್ನಿ ಐಸಿಯು ಸೇರಿದಾಗ ಮಹಿಳಾ ನರ್ಸ್ ಬೇಕೆಂದು ಕೇಳುತ್ತಾರೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ರುಫೈದಾ(ರ) ಎಂಬ ಮಹಿಳೆಯ ಗುಡಾರದಲ್ಲಿ ಇರಿಸಲು ಪ್ರವಾದಿಯವರೇ(ಸ) ಆದೇಶಿಸಿದರು. ಆ ಗುಡಾರ ಇದ್ದುದು ಮದೀನದ ಮಸೀದಿಯಲ್ಲಿ. ಮಸೀದಿಯಲ್ಲಿ ಗೌರವ ಪಡೆದ ವೃತ್ತಿಗೆ ನಮ್ಮ ಮನೆಗಳಲ್ಲಿ ಗೌರವ ಸಿಗಬಾರದೇ?

ಎಚ್ಚರದ ರಾತ್ರಿಗಳಲ್ಲಿ ರೋಗಿಗಳ ಮಗ್ಗುಲು ಬದಲಿಸುವ ಎಲ್ಲ ಕೈಗಳಿಗೆ, ಅವು ಯಾವ ಧರ್ಮದವರವೇ ಆಗಿರಲಿ, ಅಲ್ಲಾಹನು ಬಲವನ್ನೂ ಪ್ರತಿಫಲವನ್ನೂ ಕರುಣಿಸಲಿ. ನಮ್ಮ ಪ್ರೀತಿಗೆ ತಿಳಿವಳಿಕೆಯನ್ನು ಜೊತೆ ಮಾಡಲಿ. ಆಮೀನ್.