ಪಣಜಿಯ ಫೊಂಟೈನ್ಹಾಸ್ ಕೇರಿ

ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಗೋವೆಯನ್ನು ಹೊಕ್ಕು ಮಾಂಡೋವಿ ಎನಿಸಿಕೊಂಡು, ಕಡಲನ್ನು ಸೇರುವುದಕ್ಕೆ ತುಸು ಮೊದಲು ಪಣಜಿಯನ್ನು ಬಳಸಿ ಹರಿಯುವುದು. ಅದರ ದಂಡೆಯಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದ ಅರಮನೆಯೊಂದುಂಟು. 1510ರಲ್ಲಿ ಗೋವೆಯು ಅವರ ಕೈತಪ್ಪಿ ಪೋರ್ತುಗೀಜರ ವಶವಾಯಿತು. ಹೊಳೆಯ ಮೇಲ್ಗಡೆಗಿದ್ದ ಹಳೆಯ ಗೋವೆಯು ರೋಗರುಜಿನಗಳಿಂದ ಹಾಳುಬೀಳಲು, 1759ರಲ್ಲಿ ಅವರ ವೈಸರಾಯನು ಈ ಅರಮನೆಗೇ ಬಂದು ನೆಲೆಸಿದನು. 1843ರಲ್ಲಿ ಪಣಜಿಯೇ ರಾಜಧಾನಿಯೆನಿಸಿತು. ದೊರೆಯ ಬೆನ್ನಹಿಂದೆ ಅಧಿಕಾರಿಗಳೂ ವ್ಯಾಪಾರಿಗಳೂ ಬಂದರು. ಹಾಗೆ ಬಂದವರು ಮನೆ ಕಟ್ಟಿಕೊಂಡ ಕೇರಿಗಳಲ್ಲಿ ಫೊಂಟೈನ್ಹಾಸ್ ಒಂದು. ಆಲ್ತಿನೊ ಗುಡ್ಡದ ಬುಡದಲ್ಲಿರುವ ನೀರಿನ ಬುಗ್ಗೆಯಿಂದ ಅದಕ್ಕೆ ಈ ಹೆಸರು.

ಒಂದು ಪಕ್ಕಕ್ಕೆ ಗುಡ್ಡ, ಇನ್ನೊಂದು ಪಕ್ಕಕ್ಕೆ ಔರೆಂ ಹಳ್ಳ. ನಡುವಣ ಕಿರಿದಾದ ನೆಲದಲ್ಲಿ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುವು. ಅಂಗಳವಿಲ್ಲ, ಪಾಗಾರವಿಲ್ಲ, ಹೊಸಲು ದಾಟಿದರೆ ಬೀದಿ. ಮೇಲೆ ಕೈಹೆಂಚಿನ ಸೂರು, ಅದರ ಕೆಳಗೆ ಬೀದಿಗೆ ಚಾಚಿದ ಸಣ್ಣ ಉಪ್ಪರಿಗೆಯ ಮೊಗಸಾಲೆ, ಅಲ್ಲಿ ಹೂಕುಂಡಗಳು. ಬೀದಿಯ ಹೆಸರುಗಳನ್ನು ನೀಲಿಯಲ್ಲಿ ಬರೆದ ಬಿಳಿಯ ಪಿಂಗಾಣಿ ಬಿಲ್ಲೆಗಳು ಗೋಡೆಗಳಲ್ಲಿ ಕುಳಿತಿವೆ. ಅವುಗಳಲ್ಲೊಂದು ‘ಜನವರಿ 31ರ ಬೀದಿ’. ಪೋರ್ತುಗಾಲದ ಪೋರ್ತು ನಗರದಲ್ಲಿ 1891ರ ಆ ದಿನ ರಾಜಪ್ರಭುತ್ವವನ್ನು ಕಿತ್ತೊಗೆಯಲು ನಡೆದು ಸೋತ ದಂಗೆಯ ನೆನಪು ಅದು. ಅದೇ ಹೆಸರಿನ ಬೀದಿ ಆ ನಗರದಲ್ಲಿಯೂ ಇದೆ.

ನೋಡಬೇಕಾದವು ಕಿಟಕಿಗಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಇಲ್ಲಿಯವರು ಒಂದು ಜಾತಿಯ ಚಪ್ಪಟೆಯಾದ ಕಪ್ಪೆಚಿಪ್ಪನ್ನು ತೆಳ್ಳಗೆ ಹೆರೆದು, ಚೌಕವಾಗಿ ಕತ್ತರಿಸಿ, ಮರದ ಪಟ್ಟಿಗಳ ನಡುವೆ ಸಾಲುಸಾಲಾಗಿ ಸಿಕ್ಕಿಸುತ್ತಿದ್ದರು. ಅದರ ಮೂಲಕ ಬಿಸಿಲು ಒಳಗೆ ಬಾರದು, ಬೆಳಕು ಮಾತ್ರ ಬರುವುದು; ಅದೂ ಹಾಲು ಬೆರೆಸಿದಂಥ ತಂಪಾದ ಬೆಳಕು. ಹೊರಗಿನವನಿಗೆ ಒಳಗಿನದು ಕಾಣದು. ಪರದೆಯ ಖರ್ಚೂ ಇಲ್ಲದ ಈ ಉಪಾಯವು ನಮ್ಮ ಗೃಹಿಣಿಯರಿಗೆ ಮೆಚ್ಚುಗೆಯಾಗದಿರಲಾರದು. ಇಂದು ಚಿಪ್ಪು ಹೆರೆಯಬಲ್ಲ ಕೈಗಳು ವಿರಳ. ಒಡೆದ ಚೌಕಕ್ಕೆ ಗಾಜನ್ನೇ ಹಾಕಿರುವುದು ಅಲ್ಲಲ್ಲಿ ಕಾಣಬರುವುದು.

ಬಣ್ಣದ ಮಾತೂ ಹಾಗೆಯೇ. ಕಾವಿ, ಅರಿಸಿನ, ಕಡುನೀಲಿ, ಪಾಚಿಹಸುರು ಗೋಡೆಗಳು. ಬಾಗಿಲು ಕಿಟಕಿಗಳ ಸುತ್ತ ಬಿಳಿಯ ಅಂಚು. ಇಡಿಯ ಬಿಳುಪನ್ನು ಇಗರ್ಜಿಗಳಿಗೆ ಬಿಟ್ಟು ಮನೆಗಳಿಗೆ ಬಣ್ಣ ಬಳಿಯುವುದು ಪೋರ್ತುಗೀಜರ ಕಾಲದ ರೂಢಿ. ಆದರೆ ಇದು ಕೇವಲ ಶೋಕಿಯಲ್ಲ. ಗೋಡೆಗಳು ಮುರಕಲ್ಲಿನವು, ಮೇಲಣ ಸುಣ್ಣದ ಗಾರೆ ಸಡಿಲಿತೆಂದರೆ ಕಲ್ಲು ನೀರು ಕುಡಿಯುವುದು. ಮಳೆಗಾಲ ಮುಗಿದೊಡನೆ ಸುಣ್ಣಬಣ್ಣ ಆಗಲೇಬೇಕು.

ಕೇರಿಯ ದಕ್ಷಿಣದ ತುದಿಯಲ್ಲಿ ಸಂತ ಸೆಬಾಸ್ತಿಯಾನನ ಪುಟ್ಟ ಇಗರ್ಜಿ. ಅದರೊಳಗಣ ಶಿಲುಬೆಯ ಕ್ರಿಸ್ತನು ತಲೆ ಬಾಗಿಸಿಲ್ಲ, ಕಣ್ಣು ಮುಚ್ಚಿಲ್ಲ. ಹಳೆಯ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಸ್ಥಾನದಲ್ಲಿದ್ದ ಮೂರ್ತಿಯಿದು. 1812ರಲ್ಲಿ ಆ ನ್ಯಾಯಸ್ಥಾನವು ರದ್ದಾಯಿತು. ಮೂರ್ತಿಯು ಪಣಜಿಯ ಅರಮನೆಗೆ ಬಂದು, 1918ರಲ್ಲಿ ಇಲ್ಲಿಗೆ ಸೇರಿತು. ಆ ಕಣ್ಣುಗಳ ಮುಂದೆ ನಿಂತು ಎಷ್ಟು ಜನ ನಡುಗಿರಬೇಡ!

ಇಷ್ಟು ಚಂದದ ಕೇರಿಯಲ್ಲಿ ಬೀಗ ಹಾಕಿದ ಬಾಗಿಲುಗಳು ಏಕೆ ಎಂದು ವಾಚಕರು ಕೇಳಬಹುದು. ಗೋವೆಯಲ್ಲಿ ತಂದೆಯು ತನ್ನ ಸ್ವತ್ತಿನ ಅರ್ಧವನ್ನು ಮಾತ್ರ ಇಷ್ಟಬಂದವರಿಗೆ ಬರೆಯಬಹುದು. ಉಳಿದರ್ಧವು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸೇರತಕ್ಕದ್ದು. ಪೋರ್ತುಗೀಜರ ಸಂಹಿತೆಯಿಂದ ಬಂದ ಈ ಪದ್ಧತಿಯು 1961ರಲ್ಲಿ ಅವರ ಆಳ್ವಿಕೆ ಮುಗಿದ ಮೇಲೂ ಉಳಿದುಬಂದಿದೆ. ಹೆಣ್ಣುಮಕ್ಕಳ ಪಾಲಿಗೆ ಇದು ನ್ಯಾಯವೇ ಸರಿ. ಮನೆಯ ಪಾಲಿಗೆ ಮಾತ್ರ ಕಷ್ಟ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದು ಸೂರಿಗೆ ಹತ್ತಾರು ಒಡೆಯರಾಗುವರು. ಆ ದಿನಾಂಕಕ್ಕೆ ಮೊದಲು ಹುಟ್ಟಿದವರ ಮಕ್ಕಳು ಮೊಮ್ಮಕ್ಕಳಿಗೆ ಪೋರ್ತುಗಾಲದ ಪೌರತ್ವ ದೊರೆಯುವ ಅವಕಾಶವಿರುವುದರಿಂದ ಎಷ್ಟೋ ಜನ ಯುರೋಪಿಗೆ ಹೋಗಿರುವರು. ಲಿಸ್ಬನ್ನಿನಲ್ಲೊಬ್ಬ, ಲಂಡನ್ನಿನಲ್ಲೊಬ್ಬಳು, ಮುಂಬಯಿಯಲ್ಲಿ ಇಬ್ಬರು ಎಂದಾದರೆ ಹೆಂಚು ಕೈಯಾಡಿಸುವ ಖರ್ಚಿಗೆ ಒಪ್ಪಿಗೆ ಕೊಡುವವರಾರು? ವಸತಿಗೃಹಗಳಾದ ಮನೆಗಳು ಬಣ್ಣವನ್ನೇನೋ ಉಳಿಸಿಕೊಂಡಿವೆ. ಕುಸಿಯುವುದಕ್ಕಿಂತ ಅದು ಮೇಲೆಂದೇ ನನ್ನ ಎಣಿಕೆ, ಒಲೆ ಹೊತ್ತಿಸಿ ಬದುಕುವ ಸಂಸಾರಕ್ಕೆ ಅದು ಸಾಟಿಯಾಗದಿದ್ದರೂ.

ಉಳಿದ ಸಂಸಾರಗಳಿಗೆ ಪ್ರವಾಸಿಗಳ ಕಾಟ ಬೇರೆ. ಮದುವೆಯಾಗಲಿರುವ ಜೋಡಿಗಳು ಪಟ ತೆಗೆಸಿಕೊಳ್ಳಲು ಪರರ ಮೆಟ್ಟಿಲ ಮೇಲೆ ಕೂರುವರು, ಕಿಟಕಿಗೆ ಒರಗುವರು. ಒಳಗೆ ಮುದುಕಿಯೊಬ್ಬಳು ಮಧ್ಯಾಹ್ನದ ನಿದ್ದೆಯಲ್ಲಿರಬಹುದೆಂಬ ಯೋಚನೆ ಯಾರಿಗೂ ಹೊಳೆಯದು. ಚಿತ್ರ ತೆಗೆಯಬೇಡಿರೆಂಬ ಫಲಕಗಳು ಕೆಲವು ಬಾಗಿಲುಗಳಲ್ಲಿ ತೂಗುತ್ತಿವೆ. ಅಂಗಳವಿಲ್ಲದ ಮನೆಗೆ ಬೀದಿಯೇ ಅಂಗಳವಲ್ಲವೆ?

ಹೋಗುವವರು ದೀಪಾವಳಿ ಕಳೆದ ಮೇಲೆ ಹೋಗುವುದು ಲೇಸು. ಹೊಸ ಬಣ್ಣ ಆಗ ಮಾಸಿರದು. ಗಾಡಿಯನ್ನು ಹಳ್ಳದ ಕಡೆಯ ಹೆದ್ದಾರಿಯಲ್ಲಿಯೇ ಬಿಟ್ಟು, ಬೆಳಿಗ್ಗೆ ಪಾವು ಮಾರುವವನ ಸೈಕಲ್ಲಿನ ಹಾರನ್ನು ಕೇಳಿಸುವ ಹೊತ್ತಿಗೆ ನಡೆದು ಬರಬೇಕು. ಒಂದು ಗಂಟೆ ಸಾಕು. ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ನಮಸ್ಕರಿಸಿ, ಅವರು ಒಪ್ಪಿದರೆ ಮಾತ್ರ ಪಟ ತೆಗೆಯಬಹುದು.